ಇಪ್ಪತ್ತು ಮುಖದ ದಾಳ, ಒಂದು ಲೋಟ ಉಪ್ಪುನೀರು

ಇನ್ನೊಬ್ಬರ ದಾಳವನ್ನು ಮುಟ್ಟಬಾರದು. ನಮ್ಮ ಮೇಜಿನ ಮೊದಲ ನಿಯಮ ಇದು. ಯಾಕೆ ಎಂದು ಕೇಳಿದರೆ, "ಮುಟ್ಟಬಾರದು ಅಂದ್ರೆ ಮುಟ್ಟಬಾರದು ಮಾರಾಯ" ಎಂಬ ಉತ್ತರ ಬರುತ್ತದೆ. ಇದನ್ನು ಉತ್ತರ ಎನ್ನಲು ನಾನು ತಯಾರಿಲ್ಲ. ಐದು ವರ್ಷ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಿಂತು ಮಾತಾಡಿದವನು ನಾನು. ಒಂದೇ ವಾಕ್ಯವನ್ನು ಎರಡು ಸಲ ಹೇಳಿದರೆ ಅಲ್ಲಿ ಅಂಕ ಕಳೆಯುತ್ತಿದ್ದರು. ಇಲ್ಲಿ ಹಾಗೆ ಎರಡು ಸಲ ಹೇಳಿದ್ದೇ ಕಾನೂನು.

ನಾವು ನಾಲ್ಕು ಜನ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮಣಿಪಾಲದ ಒಂದು ಬಾಡಿಗೆ ಕೋಣೆಯಲ್ಲಿ ಸೇರಿ, ಬಾಯಿಮಾತಿನಲ್ಲೇ ಕಥೆ ಕಟ್ಟುವ ಒಂದು ಆಟ ಆಡುತ್ತೇವೆ. ಕೋಣೆ ಕಾರ್ಕಳದವನದು; ಕಥೆ ನಡೆಸುವವನೂ ಅವನೇ. ಉಳಿದ ಮೂವರು ಆ ಕಥೆಯೊಳಗಿನ ಪಾತ್ರಗಳು. ನಾನು ಮಂತ್ರವಾದಿ (ನಗಬೇಡಿ, ಅದು ಚೀಟಿ ಎತ್ತಿದಾಗ ಬಂದದ್ದು), ಪೆರ್ಡೂರಿನವನು ಕಳ್ಳ, ಕಾಪುವಿನವಳು ಕತ್ತಿ ಹಿಡಿದ ಕಾವಲುಗಾರ್ತಿ. ಬೀಸಿದ ಕತ್ತಿ ತಾಗಿತೇ, ಹಾರಿದವನು ಗೋಡೆ ದಾಟಿದನೇ ಎಂಬುದನ್ನೆಲ್ಲ ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಇಪ್ಪತ್ತು ಬಿದ್ದರೆ ಪವಾಡ, ಒಂದು ಬಿದ್ದರೆ ಮರ್ಯಾದೆ ಹೋಯಿತು.

ಇಷ್ಟೇ ಆಗಿದ್ದರೆ ನನ್ನ ತಕರಾರಿರಲಿಲ್ಲ. ಆದರೆ ಪೆರ್ಡೂರಿನವನ ಬಳಿ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ಉಂಟು. ಒಂದರ ಮುಖ ತೋರಿಸಿದ ದಾಳ ಶಿಕ್ಷೆಯಾಗಿ ಅದರೊಳಗೆ ಹೋಗಬೇಕು, ಮುಚ್ಚಳ ಬಿಗಿಯಬೇಕು, ಉಳಿದ ದಾಳಗಳ ಎದುರಿಗೇ ಇಡಬೇಕು. "ಅವೂ ನೋಡಿ ಕಲಿಯಲಿ" ಎನ್ನುತ್ತಾನೆ. ಕಾರ್ಕಳದವನು ದಾಳವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನಮ್ಮ ಮನೆಗಳಲ್ಲಿ ಉಪ್ಪನ್ನು, ಮೆಣಸನ್ನು ಕೊಡುವ ಹಾಗೆ ಕೆಳಗೆ ಇಡುತ್ತಾನೆ, ನೀವು ಎತ್ತಿಕೊಳ್ಳಬೇಕು.

ಕಾಪುವಿನವಳದು ಇನ್ನೂ ಒಂದು ಕೈ ಮೇಲೆ. ಅವಳ ಹಸಿರು ದಾಳ ಅಣ್ಣ ಮಸ್ಕತ್‌ನಿಂದ ತಂದುಕೊಟ್ಟದ್ದು. ಅದು ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿಕೊಂಡು ಬರುತ್ತದೆ, ಆಟ ಶುರುವಾಗುವ ತನಕ ಇಪ್ಪತ್ತನ್ನು ಮೇಲೆ ಮಾಡಿ ಕೂರುತ್ತದೆ. ಎಸೆಯುವ ಮುಂಚೆ ಯಾರೂ "ಎಷ್ಟು ಬೇಕು?" ಎಂದು ಕೇಳಬಾರದು. ಒಮ್ಮೆ ನಾನು ಕೇಳಿದ್ದಕ್ಕೆ, "ದೋಣಿಗೆ ಹೊರಟವನ ಹತ್ರ ಎಲ್ಲಿಗೆ ಅಂತ ಕೇಳ್ತಿಯಾ ನೀನು?" ಎಂದು ರೇಗಿದಳು. ಅವಳ ಮನೆಯವರದು ಮೀನಿನ ವ್ಯಾಪಾರ, ಅದು ಸರಿ. ಆದರೆ ಅವಳು ಓದುತ್ತಿರುವುದು ಎಂ.ಎಸ್ಸಿ. ಭೌತಶಾಸ್ತ್ರ! ನನಗೆ ಉರಿಯುವುದು ಇದೇ. ಓದದವರು ನಂಬಿದರೆ ವಾದಿಸಬಹುದು. ಸಂಭವನೀಯತೆಯ ಪರೀಕ್ಷೆ ಬರೆದು ಬಂದವಳು ದಾಳಕ್ಕೆ ಬಟ್ಟೆ ಹೊದೆಸಿದರೆ ಯಾವ ಕಡೆಯಿಂದ ಶುರು ಮಾಡುವುದು?

ಆ ಭಾನುವಾರ ಹಸಿರು ದಾಳ ಎರಡು ಸಲ ಇಪ್ಪತ್ತು ತೋರಿಸಿತು. "ಇದಕ್ಕೆ ನನ್ನ ಗುರುತುಂಟು" ಎಂದಳು, ಪರಿಚಯದ ಮನುಷ್ಯನ ಬಗ್ಗೆ ಹೇಳುವ ಹಾಗೆ. ಅಷ್ಟರಲ್ಲಿ ಫೋನ್ ಬಂತು. ಮಾತಾಡಲು ಕೆಳಗಿಳಿದು ಹೋದಳು. ದಾಳ ಮೇಜಿನ ಮೇಲೆಯೇ ಉಳಿಯಿತು.

ನಾನು ಎದ್ದೆ. ಕಾರ್ಕಳದವನ ಅಡುಗೆ ಕಟ್ಟೆಯಿಂದ ಉಪ್ಪಿನ ಡಬ್ಬಿ ತಂದು, ಒಂದು ಲೋಟ ನೀರಿಗೆ ಕರಗುವಷ್ಟೂ ಹಾಕಿ ಕಲಕಿದೆ. ನೀರು ಅಷ್ಟು ಉಪ್ಪಾದರೆ ದಾಳ ತೇಲುತ್ತದೆ. ತೇಲುವುದನ್ನು ಬೆರಳಿನಿಂದ ತಿರುಗಿಸಿ ಬಿಟ್ಟಾಗ ಪ್ರತಿ ಸಲ ಬೇರೆ ಬೇರೆ ಮುಖ ಮೇಲೆ ಬಂದರೆ ದಾಳ ಸರಿ ಉಂಟು ಎಂದರ್ಥ. ನನ್ನ ಯೋಜನೆ ಸರಳವಾಗಿತ್ತು: ಅವಳು ಬಂದ ಕೂಡಲೇ ತೋರಿಸುವುದು, ಇದು ಎಲ್ಲ ದಾಳಗಳ ಹಾಗೆ ಒಂದು ಪ್ಲಾಸ್ಟಿಕ್ ತುಂಡು, ಇದಕ್ಕೆ ಯಾರ ಗುರುತೂ ಇಲ್ಲ ಎಂದು.

"ಬೇಡ ಮಾರಾಯ, ಅವಳದ್ದು ಅದು" ಎಂದ ಪೆರ್ಡೂರಿನವನು.

ಹಾಕಿದೆ. ತೇಲಿತು. ತಿರುಗಿಸಿ ಬಿಟ್ಟೆ, ಇಪ್ಪತ್ತು. ಮತ್ತೆ ತಿರುಗಿಸಿದೆ, ಇಪ್ಪತ್ತು. ತಲೆಕೆಳಗು ಮಾಡಿ ಒತ್ತಿ ಹಿಡಿದು ಬಿಟ್ಟೆ. ನಿಧಾನಕ್ಕೆ ಹೊರಳಿ ಪಕ್ಕದ ಹದಿನಾಲ್ಕು ತೋರಿಸಿತು, ಸ್ವಲ್ಪ ತಡೆದು ಇಪ್ಪತ್ತಕ್ಕೆ ಬಂತು. ಒಳಗೆಲ್ಲೋ ಗಾಳಿಗುಳ್ಳೆ ಸಿಕ್ಕಿಕೊಂಡು ಆ ಬದಿ ಹಗುರವಾಗಿತ್ತು. ಅಂದರೆ ಅವಳು ಹೇಳಿದ್ದು ನಿಜ. ಆ ದಾಳ ಬೇರೆಯದೇ ಆಗಿತ್ತು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅವಳು ಒಳಗೆ ಬಂದು ಲೋಟ ನೋಡಿ ನಿಂತಾಗ ನಾನು ವಿವರಿಸತೊಡಗಿದೆ. ಗಾಳಿಗುಳ್ಳೆ, ಭಾರದ ಕೇಂದ್ರ, ಎಲ್ಲ. ಕೊನೆಗೆ, "ನಿನ್ನ ಅದೃಷ್ಟ ಅಂದ್ರೆ ಫ್ಯಾಕ್ಟರಿಯವರ ತಪ್ಪು, ಅಷ್ಟೆ" ಎಂದೆ.

"ಅಂದ್ರೆ ಇಷ್ಟು ದಿನ ನಾನು ಮೋಸ ಮಾಡಿದ್ದಾ?"

"ಗೊತ್ತಿಲ್ಲದೆ ಮಾಡಿದ್ದಕ್ಕೆ ಮೋಸ ಅಂತ ಹೇಳ್ಲಿಕ್ಕಾಗುದಿಲ್ಲ. ಮೋಸ ಅಂದ್ರೆ ಮೊದಲು ಉದ್ದೇಶ..."

ಅವಳು ಲೋಟಕ್ಕೆ ಕೈ ಹಾಕಿ ದಾಳವನ್ನು ತೆಗೆದು, ಚೂಡಿದಾರದ ಅಂಚಿಗೆ ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಬಾಗಿಲು ಕೂಡ ಬಡಿಯಲಿಲ್ಲ. ಬಡಿದಿದ್ದರೆ ನನಗೆ ಹೇಳಲು ಏನಾದರೂ ಸಿಗುತ್ತಿತ್ತು.

"ಗೆದ್ದೆ ಅಲ್ವಾ?" ಎಂದ ಕಾರ್ಕಳದವನು. "ಈಗ ಒಬ್ಬನೇ ಕೂತು ಆಡು."

ಮೂರು ಭಾನುವಾರ ಅವಳು ಬರಲಿಲ್ಲ. ಕಥೆಯಲ್ಲಿ ಅವಳ ಕಾವಲುಗಾರ್ತಿ ಒಂದು ಸೇತುವೆಯ ನಡುವೆ ಕತ್ತಿ ಎತ್ತಿಕೊಂಡು ನಿಂತವಳು ನಿಂತೇ ಇದ್ದಳು; ಅವಳಿಲ್ಲದೆ ನಾವು ಮುಂದೆ ಹೋಗುವ ಹಾಗಿರಲಿಲ್ಲ. ಮೊದಲ ವಾರ ಚಾ ಕುಡಿದು ಎದ್ದೆವು. ಎರಡನೆಯ ವಾರ ಪೆರ್ಡೂರಿನವನು ಬಾಟಲಿಯನ್ನೇ ತರಲಿಲ್ಲ. ಮೂರನೆಯ ವಾರ ಕಾರ್ಕಳದವನು, "ಅವಳು ಬಾರದಿದ್ರೆ ಈ ಆಟ ಇಲ್ಲಿಗೆ ಬಂದ್. ಹಾಳು ಮಾಡಿದ್ದು ನೀನು, ಸರಿ ಮಾಡ್ಬೇಕಾದದ್ದೂ ನೀನೇ" ಎಂದ. ಸರಿಯಾದದ್ದನ್ನೇ ಹೇಳಿದ್ದಕ್ಕೆ ಕ್ಷಮೆ ಕೇಳುವುದು ಹೇಗೆ ಎಂದು ಅವನಲ್ಲಿ ಕೇಳಿದೆ. ಅವನು ನನ್ನನ್ನು ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ.

ಅವಳಿಗೆ ಫೋನ್ ಮಾಡಿದೆ. "ನನಗೆ ಕೆಲವು ವಿಷಯ ಹೇಳ್ಲಿಕ್ಕುಂಟು" ಎಂದೆ.

"ಎಷ್ಟು ಪಾಯಿಂಟ್ ಉಂಟು?"

"ಮೂರು."

"ಮೊದಲನೆಯದ್ದು ಮಾತ್ರ ಹೇಳು."

"ನಿನ್ನನ್ನು ಕೇಳದೆ ಮುಟ್ಟಬಾರದಿತ್ತು."

"ಉಳಿದ ಎರಡು ನಿನ್ನ ಹತ್ರವೇ ಇರಲಿ. ಭಾನುವಾರ ಬರ್ತೇನೆ. ಆದ್ರೆ ನಾನು ಹೇಳಿದ ಹಾಗೆ ಮಾಡ್ಬೇಕು, ಒಂದು ಮಾತೂ ಆಡ್ಬಾರದು."

ಬಂದಳು. ಚೀಲದಿಂದ ಒಂದು ಬಾಟಲಿ ತೆಗೆದು, ಕಾರ್ಕಳದವನ ಸ್ಟೀಲ್ ಪಾತ್ರೆಗೆ ನೀರು ಸುರಿದಳು. ಕಾಪು ಕಡಲಿನ ನೀರು; ಅಡಿಯಲ್ಲಿ ದಂಡೆಯ ಹೊಯಿಗೆಯೂ ಇತ್ತು. "ಎಲ್ಲರದ್ದೂ ಹಾಕಿ. ನನ್ನದ್ದು ಒಂದೇ ಯಾಕೆ ಪರೀಕ್ಷೆ ಬರೀಬೇಕು?"

ಪೆರ್ಡೂರಿನವನು ತನ್ನ ಉಪ್ಪಿನಕಾಯಿ ಬಾಟಲಿಯ ಕೈದಿಗಳನ್ನೂ ಸೇರಿಸಿ ಸುರಿದ. ಕಾರ್ಕಳದವನು ಕಣ್ಣು ಮುಚ್ಚಿಕೊಂಡು ಒಂದೊಂದಾಗಿ ಬಿಟ್ಟ. ಅವಳ ಹಸಿರು ದಾಳವೂ ಇಳಿಯಿತು. ಎಲ್ಲವೂ ತಳ ಸೇರಿದವು.

ಸೇರಲೇಬೇಕು! ಕಡಲ ನೀರಿನ ಉಪ್ಪು ದಾಳ ತೇಲಿಸಲು ಸಾಲದು. ಅದರಲ್ಲಿ ಯಾವ ದಾಳದ ಯಾವ ದೋಷವೂ ಕಾಣುವುದಿಲ್ಲ. ಭೌತಶಾಸ್ತ್ರದವಳಿಗೆ ಇದು ಗೊತ್ತಿಲ್ಲದೆ ಇರುವುದಿಲ್ಲ. ನಾನು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು.

ನನ್ನ ದಾಳವನ್ನು ಹಾಕಿದೆ. ಅದೂ ಮುಳುಗಿತು.

"ನೋಡಿ, ಎಲ್ಲ ತಣ್ಣಗಾಯ್ತು" ಎಂದ ಪೆರ್ಡೂರಿನವನು. ಕಾರ್ಕಳದವನು ಇನ್ನೂ ಮುಂದೆ ಹೋಗಿ, ನೀರಿಗಿಳಿದ ಮೇಲೆ ಹಸಿರು ದಾಳದ ದೋಷ ಹೋಯಿತು, ಅದನ್ನೇ ಆಡಬಹುದು ಎಂದು ತೀರ್ಪು ಕೊಟ್ಟ. ಗುಳ್ಳೆ ಇರುವುದು ಒಳಗೆ, ನೀರು ತಾಗಿದ್ದು ಹೊರಗೆ! ಇಡೀ ಕೋಣೆಯಲ್ಲಿ ಇದನ್ನು ಹೇಳಬಲ್ಲ ಇಬ್ಬರಲ್ಲಿ ಒಬ್ಬಳಿಗೆ ಹೇಳುವ ಮನಸ್ಸಿರಲಿಲ್ಲ, ಇನ್ನೊಬ್ಬನಿಗೆ ಮಾತಾಡಲು ಅನುಮತಿ ಇರಲಿಲ್ಲ.

ಅವಳು ದಾಳವನ್ನು ಒರೆಸಿ ಎಸೆದಳು. ಮೂರು ಬಿತ್ತು. ಸೇತುವೆಯ ಮೇಲಿನ ಕತ್ತಿ ಗಾಳಿಯನ್ನು ಕಡಿಯಿತು.

"ಉಪ್ಪುನೀರು ಕೆಲಸ ಮಾಡಿತು ಮಾರಾಯ!" ಎಂದು ಇಬ್ಬರೂ ಕೂಗಿದರು.

ಆ ಪಾತ್ರೆ ಈಗ ಪ್ರತಿ ಭಾನುವಾರ ಮೇಜಿನ ಮೇಲಿರುತ್ತದೆ. ಮೂಢನಂಬಿಕೆ ತೆಗೆಯಲು ಹೋದ ನಾನು ಹೊಸದೊಂದನ್ನು ಕೊಟ್ಟೆ. ಅದಕ್ಕೆ ನನ್ನದೇ ಲೋಟ ಮೂಲ. ಒಂದು ಸಲ ಮೂರು ಬಿದ್ದದ್ದು ಯಾವುದಕ್ಕೂ ಪುರಾವೆಯಲ್ಲ ಎಂದು ಆ ದಿನವೇ ಹೇಳಬೇಕೆಂದಿದ್ದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವಳು ನನ್ನನ್ನು ಕೇಳದೆಯೇ ನನ್ನ ಒದ್ದೆ ದಾಳವನ್ನು ಪಾತ್ರೆಯಿಂದ ಎತ್ತಿ, ನನ್ನ ಕೈಗೆ ಕೊಡದೆ ಎದುರಿಗೆ ಮೇಜಿನ ಮೇಲಿಟ್ಟಳು.

"ನಿನ್ನ ಸರದಿ ಈಗ," ಎಂದಳು. "ಎಷ್ಟು ಬೇಕು ಅಂತ ನಾನು ಕೇಳುದಿಲ್ಲ."