ಗಂಜಿ ಕುಡಿಸಿದ ಅಪರಾಧ

ಹೋದ ವಾರ ಅಂಕಣ ಯಾಕೆ ಬರಲಿಲ್ಲ ಎಂದು ನಾಲ್ಕು ಜನ ಕೇಳಿದ್ದಾರೆ. (ನಾಲ್ಕೇ ಜನ. ಇರಲಿ.) ಕಾರಣ ಹೇಳಿಬಿಡುತ್ತೇನೆ. ಹೋದ ವಾರ ನಾನು ಕೊಪ್ಪಳದ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದೆ. ಸಾಕ್ಷಿಯಾಗಿ ಅಲ್ಲ, ಆರೋಪಿಯಾಗಿ.

ಕಳ್ಳತನವೆ? ಅಲ್ಲ. ಹೊಡೆದಾಟವೆ? ನನ್ನ ಮೈಕಟ್ಟು ನೋಡಿದವರು ಹಾಗೆ ಕೇಳುವುದಿಲ್ಲ. ನಾನು ಮಾಡಿದ್ದು ಇಷ್ಟೇ. ಜ್ವರ ಬಂದು ಮಲಗಿದ್ದ ಅಕ್ಕನಿಗೆ ಗಂಜಿ ಕುಡಿಸಿದೆ. ಅದೂ ಅವಳ ಮನೆಯಲ್ಲೇ.

ನಮ್ಮ ಸೀಮೆಯ ಕೋರ್ಟಿನ ಭಾಷೆ ಉರ್ದು, ಸಮನ್ಸೂ ಉರ್ದುವಿನಲ್ಲಿತ್ತು. ‘ಮುದಾಖಲತೆ ಬೇಜಾ’ ಎಂದು ಬರೆದಿತ್ತು. ಅಂದರೆ ಅತಿಕ್ರಮ ಪ್ರವೇಶ, ಪರರ ಜಾಗಕ್ಕೆ ಅಪ್ಪಣೆಯಿಲ್ಲದೆ ನುಗ್ಗುವುದು. ಕುಷ್ಟಗಿಯಲ್ಲಿ ನಾನು ಶಾಲೆಯ ಮಾಸ್ತರ. ಊರವರ ಸರ್ಕಾರಿ ಕಾಗದಗಳನ್ನೆಲ್ಲ ಓದಿ, ಅರ್ಥ ಬಿಡಿಸಿ, ‘ಅಂಜಬ್ಯಾಡ್ರಿ’ ಎಂದು ಧೈರ್ಯ ಹೇಳಿ ಕಳಿಸುವವನು. ಈ ಕಾಗದವನ್ನು ಮೂರು ಸಲ ಓದಿದೆ. ಧೈರ್ಯ ಹೇಳುವವರು ಯಾರೂ ಇರಲಿಲ್ಲ.

ಫಿರ್ಯಾದಿ ಬೇರೆ ಯಾರೂ ಅಲ್ಲ. ಅಕ್ಕನ ಗಂಡ, ನಮ್ಮ ವೀರಭದ್ರಪ್ಪ ಮಾವ. ಕೊಪ್ಪಳದಲ್ಲಿ ಅರಿವೆ ಅಂಗಡಿ. ಒಳ್ಳೆಯ ಮನುಷ್ಯ, ಮಾನ ಒಂದನ್ನು ಬಿಟ್ಟು ಬೇರೆ ಯಾವ ಚಟವೂ ಇಲ್ಲ. ಎರಡು ವರ್ಷದ ಹಿಂದೆ ನನ್ನ ಮಗಳ ಮದುವೆಯಲ್ಲಿ ಅವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕುವುದು ತಪ್ಪಿಹೋಯಿತು. ಎರಡನೆಯ ಪಂಕ್ತಿಯಲ್ಲಿ ಕುಳಿತರು. ಹೋಳಿಗೆ ಮೇಲಿನ ತುಪ್ಪ ಅಷ್ಟರಲ್ಲಿ ತೀರಿತ್ತು. ಅಲ್ಲಿಗೆ ಸಂಬಂಧವೂ ತೀರಿತು. ತವರಿನವರು ಯಾರೂ ತಮ್ಮ ಹೊಸ್ತಿಲು ತುಳಿಯಬಾರದು ಎಂದು ಚಪ್ಪರದಲ್ಲೇ ಸಾರಿ ಹೋದರು.

ಎರಡು ವರ್ಷ ತುಳಿಯಲಿಲ್ಲ. ಹೋದ ತಿಂಗಳು ಬಳೆಗಾರ್ತಿ ಇಮಾಮಬಿ ಕುಷ್ಟಗಿಗೆ ಬಂದಳು. ಯಾರ ಮನೆಯ ಒಳಕೋಣೆಗಾದರೂ ಕೇಳದೆ ಹೋಗಿ ಕೂರುವಾಕೆ. (ಅವಳ ಮೇಲೆ ಯಾರೂ ಕೇಸು ಹಾಕಿಲ್ಲ.) ಅಕ್ಕ ಹದಿನೈದು ದಿನದಿಂದ ಜ್ವರದಲ್ಲಿ ಮಲಗಿದ್ದಾಳೆ, ಕೈಯ ಬಳೆ ಮೊಳಕೈತನಕ ಜಾರುತ್ತವೆ ಎಂದಳು. ಆಮೇಲೆ ದನಿ ತಗ್ಗಿಸಿ ಅಕ್ಕ ಹೇಳಿಕಳಿಸಿದ್ದನ್ನು ಹೇಳಿದಳು: “ತಮ್ಮಗ ಬಾ ಅನ್ನು.”

ಮರುದಿನವೇ ರಜೆ ಹಾಕಿ, ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದೆ. ಮಾವ ಅಂಗಡಿಯಲ್ಲಿದ್ದರು. ಅಕ್ಕ ಗುರುತು ಸಿಗದಷ್ಟು ಸೊರಗಿದ್ದಳು. ನನ್ನನ್ನು ನೋಡಿ ಅಳಲಿಲ್ಲ, ಊಟ ಮಾಡಿದೆಯಾ ಎಂದು ಕೇಳಿದಳು. ನನಗೇ ಅಳು ಬಂತು. ಒಲೆ ಹೊತ್ತಿಸಿ ಗಂಜಿ ಕಾಯಿಸಿದೆ. ಎತ್ತಿ ಕೂರಿಸಿ ಕುಡಿಸುತ್ತಿರುವಾಗ ಬಾಗಿಲಲ್ಲಿ ಮಾವ.

“ಹೊರಗ ನಡಿ” ಎಂದರು.

“ಬಟ್ಟಲಾ ಖಾಲಿ ಆಗ್ಲಿ, ಮಾವಾ” ಎಂದೆ.

ಕೇಸು ಬಿಗಿಯಾದದ್ದು ಈ ಮಾತಿನಿಂದ ಎಂದು ಆಮೇಲೆ ವಕೀಲರು ಹೇಳಿದರು. ಅಪ್ಪಣೆಯಿಲ್ಲದೆ ಒಳಗೆ ಬರುವುದು ಒಂದು ತಪ್ಪು. ಯಜಮಾನ ಹೋಗೆಂದ ಮೇಲೂ ನಿಂತರೆ ಅದು ಇನ್ನೊಂದು ತಪ್ಪು. ಆದರೆ ಎರಡಕ್ಕೂ ಒಂದು ಶರತ್ತು. ಕಿರುಕುಳ ಕೊಡುವ, ಅವಮಾನ ಮಾಡುವ ಅಥವಾ ಬೇರೇನಾದರೂ ಅಪರಾಧ ಮಾಡುವ ಉದ್ದೇಶ ಇರಬೇಕು. ಉದ್ದೇಶ ಇಲ್ಲದಿದ್ದರೆ ಶಿಕ್ಷೆ ಇಲ್ಲ. ನನಗಿದ್ದ ಉದ್ದೇಶ ಬಟ್ಟಲು ಖಾಲಿ ಮಾಡುವುದು.

ವಿಚಾರಣೆಯ ದಿನ ಅಕ್ಕ ಸಾಕ್ಷಿ ಹೇಳಲು ಬಂದಳು. ಜ್ವರ ಬಿಟ್ಟಿತ್ತು, ನಿಲ್ಲುವ ಶಕ್ತಿ ಇರಲಿಲ್ಲ. ಮುನಸೀಫ ಸಾಹೇಬರು ಕೂರಲು ಸ್ಟೂಲು ಕೊಡಿಸಿದರು. ತಮ್ಮನನ್ನು ತಾನೇ ಕರೆಸಿದೆ ಎಂದು ಒಪ್ಪಿಕೊಂಡಳು. ಮಾವನ ವಕೀಲರಿಗೆ ಅಷ್ಟು ಸಾಕಾಯಿತು. ಮನೆ ನಿಮ್ಮ ಹೆಸರಿನಲ್ಲಿದೆಯೆ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ಕರೆಯಲು ನಿಮಗೇನು ಹಕ್ಕು?

ಅಕ್ಕ ಸೆರಗು ಸರಿಮಾಡಿಕೊಂಡಳು. “ಇಪ್ಪತ್ತೆರಡು ವರ್ಷಾತ್ರಿ, ಆ ಮನಿಗೆ ಬಂದವರಿಗೆಲ್ಲಾ ‘ಬರ್ರಿ’ ಅಂದಾಕಿ ನಾನ. ಇವರ ಗಿರಾಕಿಗೆ ಅಂದೀನಿ, ಇವರ ಅಣ್ಣತಮ್ಮಂದಿರಿಗೆ ಅಂದೀನಿ. ಆವಾಗ ಯಾರೂ ಹಕ್ಕು ಕೇಳಲಿಲ್ಲ.”

ವಕೀಲರು ಬಿಡಲಿಲ್ಲ. ತವರಿನವರು ಬರಕೂಡದೆಂದು ಯಜಮಾನರು ಹೇಳಿರಲಿಲ್ಲವೆ?

“ಅವರು ನನ್ನ ತಮ್ಮಗ ಹೇಳ್ಯಾರ್ರಿ, ನನ್ನ ಕೇಳಿಲ್ಲ. ಕರಿಯೋ ಹಕ್ಕು ನನಗಿಲ್ಲ ಅಂದ್ರ, ನಾನೂ ಆ ಮನಿಯಾಗ ಇಪ್ಪತ್ತೆರಡು ವರ್ಷ ಸುಮ್ಮನ ಹೊಕ್ಕು ಕುಂತೀನಿ ಅಂತ ಬರಕೊಳ್ರಿ. ನನ್ನ ಮ್ಯಾಲೂ ಒಂದು ಕೇಸ್ ಹಾಕ್ರಿ.”

ಗುಮಾಸ್ತ ಇದನ್ನು ಉರ್ದುವಿಗೆ ತರ್ಜುಮೆ ಮಾಡುತ್ತ ನಡುವೆ ತಡವರಿಸಿದ.

ತೀರ್ಪು ಹತ್ತು ಸಾಲಿನದು. ಆರೋಪಿ ರೋಗಿಗೆ ಗಂಜಿ ಕುಡಿಸಿದ್ದನ್ನು ಫಿರ್ಯಾದಿಯೇ ಒಪ್ಪಿದ್ದಾರೆ, ಕಿರುಕುಳದ ಉದ್ದೇಶ ಕಾಣುವುದಿಲ್ಲ, ಕೇಸು ವಜಾ. ತಮಗೆ ಕಿರುಕುಳ ಆದದ್ದಂತೂ ನಿಜ ಎಂದು ಮಾವ ಎದ್ದು ನಿಂತು ಅರಿಕೆ ಮಾಡಿಕೊಂಡರು. ಆಗುವುದು ಬೇರೆ, ಕೊಡುವ ಉದ್ದೇಶ ಬೇರೆ ಎಂದು ಸಾಹೇಬರು ಸಮಾಧಾನವಾಗಿ ತಿಳಿಸಿದರು. ಅಕ್ಕನಿಗೆ ಕರೆಯುವ ಹಕ್ಕು ಇದೆಯೋ ಇಲ್ಲವೋ? ಆ ಪ್ರಶ್ನೆಯನ್ನು ನಿರ್ಧರಿಸುವ ಅವಶ್ಯಕತೆ ಈ ಕೇಸಿನಲ್ಲಿ ಬೀಳಲಿಲ್ಲವಂತೆ. (ಕಾನೂನಿನ ಜಾಣತನ ನೋಡಿ. ಗಂಜಿಗೆ ನ್ಯಾಯ ಸಿಕ್ಕಿತು.)

ಅಕ್ಕ ಮಾವನ ಜೊತೆಗೇ ಟಾಂಗಾ ಹತ್ತಿ ಹೋದಳು. ನಾನು ಬಸ್ಸು ಹತ್ತಿದೆ. ಗೆದ್ದವನ ಹಾಗೆ ನನಗೇನೂ ಅನಿಸಲಿಲ್ಲ.

ಮುಂದಿನದು ಇಮಾಮಬಿ ಮೊನ್ನೆ ಬಂದು ಹೇಳಿದ್ದು. ಟಾಂಗಾ ಮನೆ ಮುಂದೆ ನಿಂತಿತು. ಮಾವ ಇಳಿದು ಒಳಗೆ ಹೋದರು. ಅಕ್ಕ ಇಳಿದವಳು ಅಂಗಳದಲ್ಲೇ ನಿಂತಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಇವಳು ಯಾಕೆ ಬರಲಿಲ್ಲ ಎಂದು ಮಾವ ಹೊರಗೆ ಬಂದು ನೋಡಿದರೆ, ಅಕ್ಕ ಕೇಳಿದಳಂತೆ:

“ಒಳಗ ಬರ್ಲೇನ್ರಿ?”

ಮಾವ ಓಣಿಯನ್ನು ಒಮ್ಮೆ ನೋಡಿ, “ಬಾ” ಎಂದರಂತೆ, ಬಹಳ ಸಣ್ಣ ದನಿಯಲ್ಲಿ. ಅಂದಿನಿಂದ ಬಾವಿಗೆ ಹೋಗಿ ಬಂದರೂ ಕೇಳುತ್ತಾಳಂತೆ, ಹಿತ್ತಿಲಿಗೆ ಹೋಗಿ ಬಂದರೂ ಕೇಳುತ್ತಾಳಂತೆ. ದಿನಕ್ಕೆ ಹತ್ತು ಸಲ. ಸಿಟ್ಟಿಲ್ಲ, ಜಗಳವಿಲ್ಲ. ಅಪ್ಪಣೆ ಮಾತ್ರ. ಅಂಗಡಿಯಿಂದ ಊಟಕ್ಕೆ ಬಂದ ಮಾವ ಕೈತೊಳೆದುಕೊಂಡು, ಅಂಗಳದಲ್ಲಿ ನಿಂತ ಹೆಂಡತಿಗೆ ಮೊದಲು ‘ಬಾ’ ಎನ್ನಬೇಕು. ಅಂದರೆ ಮಾತ್ರ ಎಲೆ ಬೀಳುತ್ತದೆ.

ಮಾವ ನಿನ್ನೆ ನನಗೊಂದು ಕಾರ್ಡು ಬರೆದಿದ್ದಾರೆ. ಹಳೆಯದನ್ನೆಲ್ಲ ಮರೆತು ಒಮ್ಮೆ ಮನೆಗೆ ಬಂದು ನಿಮ್ಮ ಅಕ್ಕನಿಗೆ ಬುದ್ಧಿ ಹೇಳಿ ಹೋಗು ಎಂದು.

ಹೋಗಬಹುದು. ಆದರೆ ವಕೀಲರನ್ನು ಒಂದು ಮಾತು ಕೇಳಬೇಕಾಗಿದೆ: ಈ ಸಲ ಅಕ್ಕ ಕರೆದಿಲ್ಲವಲ್ಲ, ಮಾವನೊಬ್ಬರ ಅಪ್ಪಣೆಯ ಮೇಲೆ ನಾನು ಆ ಮನೆಯೊಳಗೆ ಕಾಲಿಡಬಹುದೆ?