ದ್ರೌಪದಿಯ ತುಂಬುತೋಳಿನ ಅಂಗಿ

ಶಿರಗುಪ್ಪಿಯ ದ್ರೌಪದಿಯ ಗಂಡನ ಹೆಸರು ದಶರಥ. ಒಂದು ಪುರಾಣದ ಹೆಂಡತಿ, ಇನ್ನೊಂದು ಪುರಾಣದ ಗಂಡ. ಆದರೂ ಇಪ್ಪತ್ತೆರಡು ವರ್ಷದಿಂದ ಸಂಸಾರ ಸುಸೂತ್ರ. ದಶರಥನಿಗೆ ಹತ್ತು ರಥಗಳಿಲ್ಲ, ಒಂದು ಬೈಕಿದೆ. ಅದನ್ನೇರಿ ಉಗಾರದ ಸಕ್ಕರೆ ಕಾರ್ಖಾನೆಗೆ ಡ್ಯೂಟಿಗೆ ಹೋಗುತ್ತಾನೆ. ಎರಡೆಕರೆ ಕಬ್ಬು ಪೂರ್ತಿ ದ್ರೌಪದಿಯದು, ಸಸಿ ನೆಡುವುದರಿಂದ ಹಿಡಿದು ರವದಿ, ಅಂದರೆ ಒಣಗಿದ ಎಲೆ, ಸುಲಿಯುವತನಕ.

ಹೋದ ವರ್ಷ ರೂಪೇಶ ಎಂಬ ಹುಡುಗ ತನ್ನ ಮೊಬೈಲ್ ಚಾನೆಲ್ಲಿಗೆ ಈ ಕಬ್ಬಿನ ವಿಡಿಯೋ ಮಾಡಿದ್ದ. ದ್ರೌಪದಿ ನೇರಳೆ ಪೈಠಣಿ ಉಟ್ಟು ನಿಂತಳು, ದಶರಥ ಮಾತಾಡಿದ. ನಲವತ್ತು ಕಮೆಂಟು ಬಂದವು. ಮೂವತ್ತೆಂಟು ಸೀರೆಗೆ. ಉಳಿದೆರಡು ‘ದಶರಥಣ್ಣಾರ ಶ್ರಮಕ್ಕೆ ಸಲಾಂ’.

ಈ ವರ್ಷ ರೂಪೇಶ ಮತ್ತೆ ಬರುತ್ತೇನೆಂದಾಗಲೇ ದ್ರೌಪದಿ ನಿಶ್ಚಯಿಸಿಬಿಟ್ಟಳು: ಈ ಸಲ ಕಬ್ಬು ಬೆಳೆದವಳು ಕಾಣಬೇಕು. ಬೆಳಗ್ಗೆ ಗೂಟದಿಂದ ಗಂಡನ ಹಳೇ ಅಂಗಿ ತೆಗೆದಳು. ಕಬ್ಬಿನೊಳಗೆ ಹೋಗುವಾಗ ದಿನಾ ಸೀರೆಯ ಮೇಲೆ ತೊಡುವ ತುಂಬುತೋಳಿನ ಅಂಗಿ. ಕಾಲರು ಹರಿದಿತ್ತು, ಕಿಸೆ ಜೋತುಬಿದ್ದಿತ್ತು.

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಸಜ್ಜಾಗಿದ್ದ ದಶರಥ ಹೌಹಾರಿದ. “ಅದನ್ನ ಹಾಕ್ಕೊಂಡ ನಿಂದ್ರತೀಯೇನ? ಹೆಂಡ್ತಿಗೆ ಒಂದ ಸೀರಿ ಕೊಡಸಾಕ ಆಗಿಲ್ಲ ಅಂತಾರ ಮಂದಿ!”

“ಸೀರಿ ಹೋದ ವರ್ಷ ನೋಡ್ಯಾರಲ್ರಿ. ಈ ವರ್ಷ ಕಬ್ಬ ನೋಡ್ಲಿ.”

ರೂಪೇಶ ಬಂದ. ಹೆಸರಿಗೆ ತಕ್ಕಂತೆ ರೂಪದ ಚಿಂತೆಯವ. ದ್ರೌಪದಿಗೆ ಅಂದ, “ಕಾಕು, ಮೊದಲ ಹತ್ತ ಸೆಕೆಂಡ ಪೈಠಣಿ ಕಾಣ್ಲಿ. ಇಲ್ಲಾಂದ್ರ ಮಂದಿ ಬೆರಳಲೇ ಸರಿಸಿ ಹೋಗ್ತಾರ.”

“ಹೋಗ್ಲಿ. ಕಬ್ಬ ಹಚ್ಚಾವ್ರು ಉಳೀತಾರ.”

“ಅಂಗಳದಾಗ ಸೀರಿ, ಹೊಲದಾಗ ಅಂಗಿ. ಆತಿಲ್ಲೋ?”

“ಅಂಗಳದಾಗ ಕಬ್ಬ ಬೆಳದಿಲ್ಲೋ ತಮ್ಮಾ. ನಡಿ ಒಳಗ.”

ಹತ್ತು ತಿಂಗಳ ಕಬ್ಬು ಆಳೆತ್ತರ ಮೀರಿತ್ತು. ಕಬ್ಬು ಸಿಹಿ ಎಂದವರು ಅದರ ಎಲೆಯ ಪರಿಚಯವಿಲ್ಲದವರು. ಅದು ಗರಗಸದ ಕಡೆಯ ಸಂಬಂಧಿ. ಅಂಗಿ ತೊಟ್ಟ ದ್ರೌಪದಿ ಸಾಲಿನೊಳಗೆ ಸರಸರ ಹೋದಳು. ಗಿಡ್ಡ ತೋಳಿನ ಟೀಶರ್ಟಿನ ರೂಪೇಶ ಮೊಬೈಲು ಎತ್ತಿಕೊಂಡು ಹಿಂದೆ ಹೋದ. ಐದು ನಿಮಿಷಕ್ಕೆ ಹೊರಗೆ ಬಂದ. ಎರಡೂ ಮುಂಗೈ ತುಂಬ ಕೆಂಪು ಗೀರು, ಮೇಲೆ ತುರಿಕೆ.

ದ್ರೌಪದಿ ಇಣುಕಿದಳು. “ಈಗ ಹೇಳಪಾ, ಪೈಠಣಿ ಉಟ್ಟ ಬರ್ಲೇನ?”

ರೂಪೇಶ ಕೈ ಕೆರೆದುಕೊಳ್ಳುತ್ತ ಕೇಳಿದ, “ಕಾಕು, ಇನ್ನೊಂದ ಅಂಗಿ ಐತೇನ್ರಿ?”

ತುಂಬುತೋಳಿನದು ಅಲ್ಲಿ ಇನ್ನೊಂದೇ ಇತ್ತು, ಬದುವಿನ ಮೇಲೆ ನಿಂತಿದ್ದ ದಶರಥನ ಮೈಮೇಲೆ. ಇಬ್ಬರೂ ಅವನತ್ತ ನೋಡಿದರು.

“ಏ, ನಾ ಮಾತಾಡೋ ವಿಡಿಯೋ ಯಾವಾಗ ತಗೀತೀರಿ?” ಅಂದ ದಶರಥ.

“ಅಂಗಿ ಕೊಡ್ರಿ ಮೊದಲ,” ಅಂದಳು ದ್ರೌಪದಿ.

ಕೊಟ್ಟ. ಬನಿಯನ್ನಿನಲ್ಲಿ ಬದುವಿನ ಮೇಲೆ ಕೂತ ಯಜಮಾನನನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ಒಳಗೆ ಅರ್ಧ ತಾಸು ದ್ರೌಪದಿಯೊಬ್ಬಳೇ ಮಾತಾಡಿದಳು, ರವದಿ ಸುಲಿಯುತ್ತಲೇ.

ವಿಡಿಯೋ ಬಂತು. ಮೊದಲ ಕಮೆಂಟು ಪಾಲಬಾವಿಯ ರೈತನೊಬ್ಬನದು: ‘ಅಕ್ಕಾರ, ಸಸಿಗೆ ಸಸಿಗೆ ಎಷ್ಟ ಅಂತರಾ ಬಿಟ್ಟೀರಿ?’ ದ್ರೌಪದಿ ಒಂದೇ ಬೆರಳಿನಿಂದ, ಸಾವಕಾಶ, ‘ಎರಡು ಅಡಿ’ ಎಂದು ಬರೆದಳು. ಸಂಜೆಯೊಳಗೆ ಇಂಥ ಹದಿನಾರು ಪ್ರಶ್ನೆ, ಎಲ್ಲಕ್ಕೂ ಬರೆದಳು. ಹದಿನೇಳನೆಯದು ಬೇರೆ ಇತ್ತು: ‘ಅಂಗಿ ಯಾರದು?’

ಮೊಬೈಲನ್ನು ಗಂಡನ ಕೈಗಿಟ್ಟಳು. “ತಗೋರಿ, ಇದಕ್ಕ ನೀವ ಬರೀರಿ.”