ಸಾಚಾ ಕೈಯ ಸದ್ದು

ಬೆಳಗಿನ ಐದೂಕಾಲು. ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಮಡಿಕೆಯ ಕಂಬಳಿ ಹಾಸಿದೆ. ಫ್ಯಾನ್ ಆಫ್ ಆಗಿದೆ. ತೊಟ್ಟಿಕ್ಕುವ ಸದ್ದು ಅಡ್ಡ ಬರಬಾರದೆಂದು ನಲ್ಲಿಯ ಬಾಯಿಗೆ ಬಟ್ಟೆಯ ಚೂರು ಸುತ್ತಿದೆ. ಐವತ್ತಮೂರು ವರ್ಷದ ಹೆಂಗಸೊಬ್ಬರು ಕಣ್ಣು ಮುಚ್ಚಿಕೊಂಡು ಇಸ್ಪೀಟೆಲೆ ಹಂಚುತ್ತಿದ್ದಾರೆ. ಎದುರಿಗೆ ಆಡುವವರು ಯಾರೂ ಇಲ್ಲ, ಪಕ್ಕದಲ್ಲಿ ಅವರ ಬಗ್ಗೆ ಬರೆಯಲು ಬಂದ ನಾನು ಮಾತ್ರ. ಖಾಲಿ ಮೇಜಿನ ಐದು ಜಾಗಗಳಿಗೆ ಎಲೆ ಬೀಳುತ್ತಿದೆ. ಟಪ್, ಟಪ್, ಟಪ್. ನಾಲ್ಕನೆಯದು ಬೀಳುವ ಮುನ್ನ ಕೂದಲೆಳೆಯಷ್ಟು ಸರಕ್ ಎನ್ನುತ್ತದೆ. ಕೈ ತಟ್ಟನೆ ನಿಲ್ಲುತ್ತದೆ.

"ಕೇಳಿಸ್ತಾ? ಆ ನಾಲ್ಕನೇದು ಕಳ್ಳ ಎಲೆ," ಅನ್ನುತ್ತಾರೆ, ಕಣ್ಣು ತೆರೆಯದೆಯೇ. "ಮೇಲಿನ ಎಲೆ ಹಾಗೇ ಇಟ್ಕೊಂಡು ಅದರ ಕೆಳಗಿಂದು ಎಳೆದು ಹಾಕ್ದೆ. ಕಣ್ಣಿಗಂತೂ ಕಾಣಲ್ಲ ಬಿಡಿ. ಆದ್ರೆ ಎರಡು ಎಲೆ ಒಂದಕ್ಕೊಂದು ಉಜ್ಜತ್ತಲ್ಲ, ಆ ಸದ್ದನ್ನ ಎಲ್ಲಿ ಬಚ್ಚಿಡ್ತಾರೆ?"

ಹೇಳುವಷ್ಟರಲ್ಲಿ ಎದ್ದುಹೋಗಿ ಗ್ಯಾಸಿನ ತಿರುಗಣೆ ಮುಟ್ಟಿ ನೋಡಿ ಬರುತ್ತಾರೆ. ಅದು ಮೂರನೆಯ ಸಲ. ಒಲೆ ಹಚ್ಚಿಯೇ ಇಲ್ಲ.

ಊರ ನಡುವಿನ ಹಳೆಯ ಮೂರಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ ಸದಸ್ಯರಿಗಷ್ಟೇ ಪ್ರವೇಶವಿರುವ ಇಸ್ಪೀಟು ಹಾಲ್ ಇದೆ. ಆರು ಮೇಜು, ಮೇಜಿಗೊಬ್ಬರು ಎಲೆ ಹಂಚುವವರು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ ಈಕೆ ಮೂಲೆಯ ನೀರಿನ ಫಿಲ್ಟರಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಲೋಟ ತುಂಬಿಸಿ ಕೊಡುವುದರಿಂದ ಸದಸ್ಯರಿಗೆ ಅವರು ನೀರಿನಮ್ಮ. ಅವರ ನಿಜವಾದ ಕೆಲಸ ಹಂಚುವ ಕೈಗಳಲ್ಲಿ ಮೋಸವಿದೆಯೇ ಎಂದು ಆಲಿಸುವುದು. ಹಾಲಿನಲ್ಲಿ ಅದು ಗೊತ್ತಿರುವುದು ಮ್ಯಾನೇಜರಿಗೆ ಮತ್ತು ಹಂಚುವವರಿಗೆ ಮಾತ್ರ. ಅವರ ಬಾಯಲ್ಲಿ ಈಕೆ ಕಿವಿಯಕ್ಕ.

ದಿನಕ್ಕೆ ಮೇಜೊಂದರಲ್ಲಿ ಸುಮಾರು ಇನ್ನೂರು ಸಲ ಎಲೆ ಹಂಚುತ್ತಾರೆ. ಆರು ಮೇಜಿಗೆ ಸಾವಿರದಿನ್ನೂರು. ಅಷ್ಟನ್ನೂ ಯಾರೂ ಕೇಳಿಸಿಕೊಳ್ಳಲಾರರು. ಗಂಟೆಗೊಂದರಂತೆ ಮೇಜು ಆರಿಸಿಕೊಂಡು, ಅದರತ್ತ ಬೆನ್ನು ತಿರುಗಿಸಿ ಕೂತುಬಿಡುತ್ತಾರೆ. ನೋಡಿದರೆ ಕೈ ನಾಚಿಕೊಳ್ಳುತ್ತದೆ, ಬೆನ್ನಿಗೆ ಯಾವ ಕೈಯೂ ಹೆದರುವುದಿಲ್ಲ ಅನ್ನುವುದು ಅವರ ಲೆಕ್ಕ.

ಈ ಬೆಳಗಿನ ಚಡಪಡಿಕೆಗೆ ಕಾರಣವಿದೆ. ಮೂರನೆಯ ಮೇಜಿಗೆ ಮೂರು ವಾರದ ಹಿಂದೆ ಸೇರಿದ ಹೊಸ ಹೆಂಗಸಿನ ಮೇಲೆ ದೂರು ಬಂದಿದೆ. ಆ ಮೇಜಿನ ತುದಿಯ ಕುರ್ಚಿಯಲ್ಲಿ ಕೂತವರೇ ಗೆಲ್ಲುತ್ತಿದ್ದಾರಂತೆ. ನಿನ್ನೆ ಕಿವಿಯಕ್ಕನಿಗೂ ಆ ಕೈಯಿಂದ ಸರಕ್ ಎಂಬ ಸದ್ದು ಕೇಳಿಸಿದೆ, ಅದೂ ತುದಿಯ ಕುರ್ಚಿಗೆ ಎಲೆ ಹೋಗುವಾಗ. ಇವತ್ತು ಹಾಲ್ ಮುಚ್ಚುವ ಮೊದಲು ಹೌದೋ ಅಲ್ಲವೋ ಹೇಳಬೇಕೆಂದು ಮ್ಯಾನೇಜರ್ ಗಡುವು ಕೊಟ್ಟಿದ್ದಾರೆ. ಹೌದು ಅಂದರೆ ಆಕೆಯ ಕೆಲಸ ಹೋಗುತ್ತದೆ. ಮೋಸದ ಕೈ ಎಂಬ ಹೆಸರು ಬಂದವರನ್ನು ಬೇರೆ ಯಾವ ಹಾಲೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

"ಹೇಳೋದು ಒಂದೇ ಮಾತು. ಆ ಒಂದು ಮಾತಿಗೆ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ್ದೀನಿ," ಅನ್ನುತ್ತಾರೆ.

"ನನ್ನನ್ನೂ ಮಲಗೋಕೆ ಬಿಟ್ಟಿಲ್ಲ," ಎಂದು ಒಳಗಿನಿಂದ ಬರುವ ಯಜಮಾನರು ಕಂಬಳಿಯ ಮೇಲಿನ ಎಲೆಗಳನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಅವರು ದರ್ಜಿ. "ನಿದ್ದೇಲೂ ನನ್ನ ಬೆರಳು ಎಣಿಸ್ತಾಳೆ. ಇವಳು ಮದುವೆ ಆಗಿದ್ದು ನನ್ನನ್ನೋ ಇಸ್ಪೀಟು ರಾಜನನ್ನೋ, ಇನ್ನೂ ಗೊತ್ತಾಗಿಲ್ಲ."

"ರಾಜ ಆದ್ರೆ ಗೊರಕೆ ಹೊಡೀತಿರಲಿಲ್ಲ. ಸುಮ್ನೆ ಟೀ ಇಡಿ."

ಈ ವಿದ್ಯೆ ಮನೆಗೆ ಬಂದದ್ದು ಯಜಮಾನರ ತಂದೆಯಿಂದ. ಅವರು ಊರೂರು ತಿರುಗಿ ಇಸ್ಪೀಟಿನ ಕೈಚಳಕ ತೋರಿಸುತ್ತಿದ್ದ ಜಾದೂಗಾರ. ಬಲಭಾಗಕ್ಕೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ನೋಡಿಕೊಂಡದ್ದು ಸೊಸೆ. ಮಾವನಿಗೆ ಎಲೆಯ ಕಟ್ಟು ಹಿಡಿಯಲಾಗದು, ಹಿಡಿಯದೆ ಇರಲೂ ಆಗದು. ಹಾಸಿಗೆಯ ಅಂಚಿನಲ್ಲಿ ಕೂರಿಸಿಕೊಂಡು ಸೊಸೆಯ ಕೈಯಿಂದಲೇ ಆಡಿಸತೊಡಗಿದರು. "ಬಾಯಿ ಅವರದು, ಕೈ ನಂದು. ಎಲೆ ಕಲೆಸೋದು, ಕತ್ತರಿಸೋದು, ಒಂದೆಲೆ ಅಂಗೈಲಿ ಅಡಗಿಸೋದು, ಎಲ್ಲ ಬಂತು. ಕಳ್ಳ ಹಂಚಿಕೆಗೆ ಬರೋ ಹೊತ್ತಿಗೆ ಮಾವ ಹೋಗ್ಬಿಟ್ರು. ಅದರ ಗುರುತು ಮಾತ್ರ ಹೇಳಿದ್ರು. ತೋರುಬೆರಳು ಕಟ್ಟಿನ ಮುಂದಕ್ಕೆ ಬಂದ್ರೆ ಹುಷಾರು ಅಂತ."

ಕಲಿಯದೆ ಉಳಿದ ಆ ಪಾಠವೇ ಮುಂದೆ ಒಬ್ಬನ ಬಾಳಿಗೆ ಮುಳುವಾಯಿತು.

ಎಂಟು ವರ್ಷದ ಹಿಂದಿನ ಮಾತು. ಹಾಲಿನಲ್ಲಿ ಮೇಜಿನ ಬಟ್ಟೆ ಉಜ್ಜುತ್ತಿದ್ದ ಈಕೆಗೆ ಎಲೆಗಳ ಬಗ್ಗೆ ತಿಳಿದಿದೆ ಎಂದು ಗೊತ್ತಾದ ಮೇಲೆ ಮ್ಯಾನೇಜರ್ ಕಾವಲಿಗೆ ಕೂರಿಸಿದ್ದರು. ಎರಡನೆಯ ತಿಂಗಳಲ್ಲೇ, ಐದನೆಯ ಮೇಜಿನಲ್ಲಿ ಹಂಚುತ್ತಿದ್ದವನ ತೋರುಬೆರಳು ಕಟ್ಟಿನ ಮುಂದಿರುವುದು ಕಣ್ಣಿಗೆ ಬಿತ್ತು. ಹೌದು ಅಂದರು. ಆತ ಅಂದೇ ಮನೆಗೆ ಹೋದ. ವಾರದ ನಂತರ ಬಾಕಿ ಸಂಬಳಕ್ಕೆ ಬಂದವನು ಇವರೆದುರು ಎಡಗೈ ಚಾಚಿ ನಿಂತ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದ ಕಿರುಬೆರಳು ಸೊಟ್ಟಗೆ ಅಂಟಿಕೊಂಡಿತ್ತು. ಕಟ್ಟು ಜಾರದಂತೆ ತಡೆಯಲು ತೋರುಬೆರಳು ಮುಂದಕ್ಕೆ ಬರಲೇಬೇಕಿತ್ತು.

"'ನನ್ನ ಕೈ ಹೀಗೇ ಅಕ್ಕ' ಅಂದ. ಅಷ್ಟೇ ಅಂದಿದ್ದು. ಬೈದಿದ್ರೆ ಚೆನ್ನಾಗಿತ್ತು." ಹೇಳುವಾಗ ಕಟ್ಟನ್ನು ಎರಡೂ ಕೈಗಳಲ್ಲಿ ಒತ್ತಿ ಹಿಡಿದಿರುತ್ತಾರೆ. "ಮ್ಯಾನೇಜರ್ ಹತ್ರ ಹೋದೆ, ತಪ್ಪು ನಂದು ಅಂದೆ. ಒಮ್ಮೆ ಹೋದ ಹೆಸರು ಹೋಯ್ತಮ್ಮ ಅಂದುಬಿಟ್ರು. ನಾನೂ ಬಿಡ್ತೀನಿ ಅಂದ್ರೆ, ಬಿಟ್ರೆ ನಾಳೆ ಇನ್ಯಾರೋ ಅರೆಬರೆ ಕಲಿತವಳು ಬರ್ತಾಳೆ ಅಂದ್ರು. ಅದೂ ನಿಜವೇ ಅನ್ನಿಸ್ತು."

ಆ ದಿನ ಅವರೊಂದು ನಿಯಮ ಹಾಕಿಕೊಂಡರು. ತನ್ನ ಕೈಗೆ ಬರದ ಮೋಸವನ್ನು ಇನ್ನೊಬ್ಬರ ಕೈಯಲ್ಲಿ ಹುಡುಕಬಾರದು. ಎರಡನೆಯ ಎಲೆ ಎಳೆಯಲು ಕಲಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ತಳದ ಎಲೆ ಎಳೆಯಲು ಎರಡು ವರ್ಷ. ನಡುವಿನದು ಇನ್ನೂ ಪೂರ್ತಿ ಒಲಿದಿಲ್ಲ. ಹೆಬ್ಬೆರಳಿನ ಬುಡ ಚಳಿಗೆ ಹಿಡಿದುಕೊಳ್ಳುತ್ತದೆ, ಬಿಸಿನೀರಲ್ಲಿ ಅದ್ದಿ ಸಡಿಲಿಸಿಕೊಳ್ಳುತ್ತಾರೆ. ಬೆಳಿಗ್ಗೆ ನಲವತ್ತು ಸುತ್ತು ಹಂಚಿದ ಮೇಲೆಯೇ ಮುಖ ತೊಳೆಯುವುದು. ತಿಂಗಳಿಗೆರಡು ಕಟ್ಟು ಅಂಚು ಸವೆದು ಕಸಕ್ಕೆ ಹೋಗುತ್ತವೆ.

ಆದರೆ ಕಲಿತದ್ದು ಬೇರೊಂದು ಕಡೆ ಕೈಕೊಟ್ಟಿದೆ. ನೆಟ್ಟಗೆ ಹಂಚಲು ಹೋದರೂ ಈಗ ಅವರ ಹೆಬ್ಬೆರಳು ತಾನಾಗಿ ಮೇಲಿನ ಎಲೆಯನ್ನು ಹಿಂದಕ್ಕೆ ಸರಿಸುತ್ತದೆ. ಸಾಚಾ ಹಂಚಿಕೆ ಕಿವಿಗೆ ಹೇಗಿರುತ್ತದೆಂದು ತಮ್ಮ ಕೈಯಿಂದ ತಿಳಿಯುವಂತಿಲ್ಲ. ಅದನ್ನು ಕೇಳಲು ವಾರಕ್ಕೊಮ್ಮೆ ರಟ್ಟಿನ ಡಬ್ಬಿ ಮಾಡುವ ಅಂಗಡಿಯೊಂದಕ್ಕೆ ಹೋಗುತ್ತಾರೆ. ಅಲ್ಲಿ ಡಬ್ಬಿ ಮಡಚುವವನು ಆ ಸೊಟ್ಟ ಕಿರುಬೆರಳಿನವನೇ. ಮೊದಲ ವರ್ಷ ಆತ ಮುಖ ಎತ್ತಿ ನೋಡಲಿಲ್ಲ. ಎರಡನೆಯ ವರ್ಷ ಒಂದು ದಿನ, ಏನು ಬೇಕು ನಿಮಗೆ ಅಂದ. ಒಂದು ಸಲ ಎಲೆ ಹಂಚಿ ಕೇಳಿಸು ಅಂದರು.

ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಅವರು ಮೂರನೆಯ ಮೇಜಿಗೆ ಬೆನ್ನು ಹಾಕಿ ಕೂತಿದ್ದಾರೆ. ಮಡಿಲಲ್ಲಿ ಬೆರಳು ಬೆರಳಿಗೆ ಹೆಣೆದುಕೊಂಡಿದೆ. ಟಪ್, ಟಪ್, ಟಪ್, ಟಪ್, ಸರಕ್. ಮತ್ತೆ ತುದಿಯ ಕುರ್ಚಿಗೇ. ಎದ್ದು ಮ್ಯಾನೇಜರ್ ಕೋಣೆಯವರೆಗೆ ಹೋಗುತ್ತಾರೆ, ಬಾಗಿಲಲ್ಲಿ ನಿಲ್ಲುತ್ತಾರೆ, ಹಿಂದಿರುಗುತ್ತಾರೆ. ಲೋಟ ತುಂಬಿಯೂ ನೀರು ಬಿಡುತ್ತಲೇ ಇದ್ದು ಸೆರಗು ನೆನೆಸಿಕೊಳ್ಳುತ್ತಾರೆ.

ಮೂರು ಗಂಟೆಗೆ ಆಟಕ್ಕೆ ವಿರಾಮ. ಸದಸ್ಯರು ಹೊರಗೆ ಹೋದ ಮೇಲೆ ಕಿವಿಯಕ್ಕ ಆ ಹೊಸ ಹೆಂಗಸಿನ ಬಳಿ ಹೋಗಿ ಕೂರುತ್ತಾರೆ.

"ನಿನ್ನ ಕೈ ತೋರಿಸಮ್ಮ."

ಆಕೆಯ ಮುಖ ಬಿಳಿಚಿಕೊಳ್ಳುತ್ತದೆ. ಆದರೂ ಎರಡೂ ಕೈ ಚಾಚುತ್ತಾಳೆ. ಬೆರಳುಗಳು ನೆಟ್ಟಗಿವೆ. ಹೊಸ ಸಮವಸ್ತ್ರದ ತೋಳು ಮಣಿಕಟ್ಟು ದಾಟಿ ಬಂದಿದೆ, ಗಂಜಿ ಹಾಕಿ ರಟ್ಟಿನ ಹಾಗೆ ನಿಂತಿದೆ.

"ಎಲೆ ಕೆಳಗಿಡು. ಬರೀ ಕೈನ ಆ ತುದಿ ಕುರ್ಚಿಗೆ ಚಾಚು."

ಆಕೆ ಗಿಡ್ಡ. ತುದಿಯ ಕುರ್ಚಿ ಮುಟ್ಟಲು ಮೇಜಿನ ಮೇಲೆ ಒರಗಿಯೇ ಕೈ ಚಾಚಬೇಕು. ಗಂಜಿಯ ಅಂಚು ಮೇಜಿನ ಬಟ್ಟೆಗೆ ತಾಗುತ್ತದೆ. ಸರಕ್.

ಕಿವಿಯಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. "ಇನ್ನೊಂದ್ಸಲ." ಸರಕ್. "ಅಂಗಿ ತೋಳು ಮಡಚಿ ಕೈ ಚಾಚು." ಸದ್ದಿಲ್ಲ. "ಈಗ ಎಲೆ ತಗೊಂಡು ಹಂಚು." ಇಪ್ಪತ್ತು ಸುತ್ತು ಬೆನ್ನು ಹಾಕಿ ಕೇಳುತ್ತಾರೆ. ಬರೀ ಟಪ್, ಟಪ್.

"ಏನಾಯ್ತಕ್ಕ? ನಾನೇನಾದ್ರೂ ತಪ್ಪು ಮಾಡಿದ್ನಾ?"

"ಗಂಜಿ ಜಾಸ್ತಿ ಹಾಕಿದ್ದೀಯ. ನಾಳೆಯಿಂದ ತೋಳು ಮಡಚಿಕೊಂಡು ಬಾ. ತುದಿ ಕುರ್ಚಿಯೋರು ಗೆದ್ರೆ ಅದು ಅವರ ಅದೃಷ್ಟ."

ಮ್ಯಾನೇಜರ್ ಕೋಣೆಗೆ ಹೋಗಿ ಅಲ್ಲ ಅನ್ನುತ್ತಾರೆ. ಏಳಕ್ಕೆ ಹಾಲಿನಿಂದ ಹೊರಬೀಳುತ್ತಾರೆ. 

ವಾರದ ಸರದಿ ಇನ್ನೂ ಬಂದಿಲ್ಲ. ಆದರೂ ನೇರ ಡಬ್ಬಿ ಅಂಗಡಿಗೆ ನಡೆಯುತ್ತಾರೆ. ಬಾಗಿಲು ಹಾಕುವ ಹೊತ್ತು. ಅಂಟಿನ ವಾಸನೆಯ ನಡುವೆ ಆತ ಕೊನೆಯ ಡಬ್ಬಿಗಳನ್ನು ಜೋಡಿಸುತ್ತಿದ್ದಾನೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ.

"ಕೈ ತೋರಿಸು ಅಂತ ಕೇಳಿದ್ರಾ?" ಆತ ತಲೆ ಎತ್ತುವುದಿಲ್ಲ. "ಪರವಾಗಿಲ್ವೇ. ನನ್ನ ಹೊತ್ತಿಗೆ ಬಾಯಲ್ಲಿ ಏನು ತುಂಬ್ಕೊಂಡಿದ್ರಿ ಅಕ್ಕ?"

"ಕೊಬ್ಬು ಕಣೋ ತಮ್ಮ."

ಆತ ನಕ್ಕುಬಿಡುತ್ತಾನೆ. ಕೈಯ ಅಂಟು ಒರೆಸಿಕೊಂಡು ಒಂದು ಡಬ್ಬಿಯನ್ನು ಮಗುಚಿ ಹಾಕಿ ಅದರ ಮೇಲೆ ಐದು ಜಾಗಕ್ಕೆ ಹಂಚುತ್ತಾನೆ. ತೋರುಬೆರಳು ಕಟ್ಟಿನ ಮುಂದಿದೆ. ಐವತ್ತೆರಡು ಎಲೆಗಳೂ ಒಂದೇ ದನಿಯಲ್ಲಿ ಬೀಳುತ್ತವೆ. ಬೆಳಗಿನಿಂದ ಮೊದಲ ಸಲ ಅವರ ಕೈ ಮಡಿಲಲ್ಲಿ ಸುಮ್ಮನೆ ಮಲಗಿದೆ. ಹಂಚಿ ಮುಗಿದಾಗ ಕಟ್ಟಿಗೆ ಕೈ ಚಾಚುತ್ತಾರೆ. "ಬೇಡ ಅಕ್ಕ, ನಾನೇ ಹಾಕ್ತೀನಿ," ಎಂದು ಆತ ಎಲೆಗಳನ್ನು ತನ್ನತ್ತ ಬಳಿದುಕೊಳ್ಳುತ್ತಾನೆ. ಆರು ವರ್ಷದಿಂದ ಹೀಗೇ.

ಬಸ್‌ಸ್ಟಾಪಿನಲ್ಲಿ, ಮುಂದೇನು ಆಸೆ ಎಂಬ ನನ್ನ ಪ್ರಶ್ನೆಗೆ ಅವರು ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಉತ್ತರಿಸುತ್ತಾರೆ.

"ದೊಡ್ಡದೇನಿಲ್ಲ. ಒಂದು ದಿನ ಅವನು ನಂಬಿ ಕಟ್ಟು ನನ್ನ ಕೈಗೆ ಕೊಟ್ಟು, ಹಾಕಿ ಅಕ್ಕ ಅನ್ಬೇಕು. ಅಂದು ಆ ಕಡೆ ತಿರುಗಿ ಡಬ್ಬಿ ಮಡಚ್ತಾ ಇರ್ಬೇಕು, ನನ್ನ ಕೈ ನೋಡ್ಬಾರ್ದು. ಅಷ್ಟರೊಳಗೆ ನೆಟ್ಟಗೆ ಹಾಕೋದು ಕಲೀಬೇಕು. ನಾಳೆಯಿಂದ ನಲವತ್ತಲ್ಲ, ಐವತ್ತು ಸುತ್ತು," ಅನ್ನುತ್ತಾರೆ. "ಕೊನೆಯ ಹತ್ತು ಬರೀ ಸಾಚಾ ಹಂಚಿಕೆ."